ಕೀಬೋರ್ಡಿನ ಮೇಲಿನ ಕರವಸ್ತ್ರ

ನಿವೃತ್ತನಾಗುವ ಎರಡು ವರ್ಷ ಮೊದಲು ನಾನು ನಗರಾಡಳಿತದ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಆಗಿ ಬಿಟಿಎಂ ಲೇಔಟ್ ಕಡೆಯ ವಾರ್ಡುಗಳನ್ನು ನೋಡಿಕೊಳ್ಳುತ್ತಿದ್ದೆ. ಮೂವತ್ತು ವರ್ಷ ಚರಂಡಿ, ರಸ್ತೆಗುಂಡಿಗಳ ಜೊತೆ ಏಗಿದವನಿಗೆ ಒಂದು ಸಭೆಯಲ್ಲಿ ಹೊಸ ಪಾಠವಾಯಿತು. ನಗರವೀಗ ಜ್ಞಾನದ ದುಡಿಮೆಯ ಮೇಲೆ ನಿಂತಿದೆ, ಅದಕ್ಕೆ ಜನರನ್ನು ಸಜ್ಜುಗೊಳಿಸುವುದೂ ನಮ್ಮ ಕೆಲಸ ಎಂದರು ಮೇಲಿನವರು. ಹಳೆಯ ವಾಚನಾಲಯವನ್ನು ಡಿಜಿಟಲ್ ಕೇಂದ್ರ ಮಾಡುವ ಜವಾಬ್ದಾರಿ ನನ್ನ ತಲೆಗೆ ಬಿತ್ತು.

ಇಪ್ಪತ್ತು ಕಂಪ್ಯೂಟರ್, ಒಳ್ಳೆಯ ಕುರ್ಚಿ, ಇಂಟರ್ನೆಟ್, ಎಲ್ಲವೂ ಉಚಿತ. ಸೀಟನ್ನು ಮೊಬೈಲಿನಲ್ಲಿ ಬುಕ್ ಮಾಡಬೇಕು. ಬುಕಿಂಗ್ ದಿನಾ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಆ ಏರ್ಪಾಡು ನನ್ನದೇ. ಹತ್ತು ನಿಮಿಷದಲ್ಲಿ ಎಲ್ಲ ಸೀಟೂ ಭರ್ತಿಯಾಗುವುದನ್ನು ನೋಡಿ ಬೀಗುತ್ತಿದ್ದೆ.

ಒಂದು ಬೆಳಿಗ್ಗೆ ಮೇಲಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ಮುಂಚೆ ಹೋಗಿ ನೋಡಿದರೆ, ಬಾಗಿಲ ಬಳಿಯ ಕೀಬೋರ್ಡಿನ ಮೇಲೆ ಯಾರೋ ಹಳದಿ ಹೂವಿನ ಕರವಸ್ತ್ರವೊಂದನ್ನು ಮಡಿಸಿಟ್ಟಿದ್ದರು. ನನಗೆ ಮೈ ಉರಿಯಿತು.

“ಏನ್ರೀ ನಂಜಪ್ಪ, ಇದೇನು ಸಿಟಿ ಬಸ್ಸಾ?” ಎಂದು ಅಟೆಂಡರನ್ನು ಗದರಿದೆ.

“ವಾಚನಾಲಯ ಇದ್ದಾಗಿಂದ ಹಂಗೇ ಸಾರ್. ಕೆಲಸಕ್ಕೆ ಹೋಗೋರು ಹಿಂದಿನ ಸಂಜೆನೇ ಕರ್ಚೀಫ್ ಇಟ್ಟು ಹೋಗ್ತಾರೆ. ಯಾರೂ ಮುಟ್ಟಲ್ಲ.”

ನಾನು ಮುಟ್ಟಿದೆ. ಎತ್ತಿ ಕಸದ ಬುಟ್ಟಿಗೆ ಹಾಕಿದೆ. ಅಧಿಕಾರಿಗಳು ಬಂದರು, ಮೆಚ್ಚಿದರು, ಹೋದರು.

ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಬಂದು ಆ ಕೀಬೋರ್ಡಿನ ಸುತ್ತ ಹುಡುಕತೊಡಗಿದರು. ಹೆಸರು ರೇಣುಕಾ, ಕೊಪ್ಪಳದ ಕಡೆಯವರು, ಪಕ್ಕದ ರಸ್ತೆಯ ಪಿ.ಜಿ.ಯಲ್ಲಿ ಅಡುಗೆ ಕೆಲಸ. ತಿಂಡಿ ಮುಗಿದು ಮಧ್ಯಾಹ್ನದ ಒಲೆ ಹಚ್ಚುವ ತನಕ ಒಂದೂವರೆ ಗಂಟೆ ಬಿಡುವು. ಒಂದು ಕಚೇರಿಯ ಡೇಟಾ ಎಂಟ್ರಿ ಕೆಲಸಕ್ಕೆ ಹತ್ತು ದಿನದಲ್ಲಿ ಟೈಪಿಂಗ್ ಟೆಸ್ಟ್ ಇತ್ತು. ಇದು ಬಿಟ್ಟರೆ ಅವರಿಗೆ ಕಂಪ್ಯೂಟರ್ ಸಿಗುವ ಬೇರೆ ಜಾಗ ಇರಲಿಲ್ಲ.

“ಎಲ್ಲರ ಹಂಗೆ ಮೊಬೈಲಲ್ಲಿ ಬುಕ್ ಮಾಡೋಕೆ ಏನಮ್ಮಾ ಕಷ್ಟ?” ಎಂದೆ.

“ಮಾಡಾಕ ಬರ್ತದ್ರಿ ಸರ. ಆದ್ರ ಆರಕ್ಕ ನನ್ನ ಎರಡೂ ಕೈ ಹಿಟ್ಟಿನಾಗ ಇರ್ತಾವ್ರಿ.”

ನಾನು ಕೋಣೆಯನ್ನೊಮ್ಮೆ ನೋಡಿದೆ. ಬುಕ್ ಮಾಡಿದವರಲ್ಲಿ ಏಳು ಜನ ಬಂದೇ ಇರಲಿಲ್ಲ. ಬುಟ್ಟಿಯಿಂದ ಕರವಸ್ತ್ರ ತೆಗೆದು ಕೊಡುವಾಗ ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಅವರು ನಲ್ಲಿಯಲ್ಲಿ ಅದನ್ನು ತೊಳೆದು, ಕಿಟಕಿಯ ಸರಳಿಗೆ ಹರವಿ, ಟೈಪ್ ಮಾಡಲು ಕೂತರು.

ಮರುದಿನವೇ ಬಾಗಿಲ ಬಳಿಯ ಐದು ಸೀಟುಗಳನ್ನು ಬುಕಿಂಗಿನಿಂದ ಹೊರಗಿಟ್ಟೆ. ಕಡತದಲ್ಲಿ ಕರವಸ್ತ್ರ ಎಂದು ಬರೆಯಲಾದೀತೇ? “ಸ್ಥಳದಲ್ಲೇ ಕಾಯ್ದಿರಿಸುವ ಆಸನಗಳು” ಎಂದು ಬರೆದೆ. ವಿಷಯ ಕೇಳಿ ಮೇಲಧಿಕಾರಿ ನಕ್ಕು ಸಹಿ ಹಾಕಿದರು. ರೇಣುಕಾ ಟೆಸ್ಟ್ ಪಾಸಾದರು. ಈಗ ಶನಿವಾರಗಳಲ್ಲಿ ಬಂದು ಬೇರೆ ಹೆಂಗಸರಿಗೆ ಟೈಪಿಂಗ್ ಹೇಳಿಕೊಡುತ್ತಾರೆ.

ಯಾವ ಸೌಲಭ್ಯಕ್ಕೂ ಸಮಯ ಗೊತ್ತು ಮಾಡುವ ಮುಂಚೆ, ಅದು ಬೇಕಾದವರ ಕೈ ಆ ಹೊತ್ತಿಗೆ ಎಲ್ಲಿರುತ್ತದೆ ಎಂದು ಕೇಳಬೇಕು. ಇಷ್ಟು ಕಲಿಯಲು ನನಗೆ ಹೆಚ್ಚುಕಡಿಮೆ ಇಡೀ ಸರ್ವೀಸು ಹಿಡಿಯಿತು.

ಕಳೆದ ಶನಿವಾರ ಪಿಂಚಣಿಯ ಅರ್ಜಿಯೊಂದನ್ನು ತುಂಬಲು ಅಲ್ಲಿಗೆ ಹೋದೆ. ಬುಕಿಂಗ್ ಮರೆತಿದ್ದೆ. ಬಾಗಿಲ ಬಳಿಯ ಸೀಟಿನಲ್ಲಿ ನನ್ನ ಕರವಸ್ತ್ರ ಇಟ್ಟು ಕಾಫಿಗೆ ಹೋದೆ. ವಾಪಸ್ ಬರುವಾಗ ನನ್ನ ಹುದ್ದೆಗೆ ಬಂದಿರುವ ಹೊಸ ಎಂಜಿನಿಯರ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು. ಪಕ್ಕದಲ್ಲಿ ಪಾಠ ಹೇಳುತ್ತಿದ್ದ ರೇಣುಕಾ ಅದು ಯಾರದೆಂದು ತಿಳಿಯದೆಯೇ ಹೇಳಿದರು:

“ಅಲ್ಲೇ ಇಡ್ರಿ ಸರ. ಯಾರೋ ದುಡಿಯಾಕ ಹೋಗ್ಯಾರ, ಬರ್ತಾರ.”

ಅವರು ಇಟ್ಟರು. ನಾನು ಮೀಸೆಗಂಟಿದ್ದ ಕಾಫಿ ಒರೆಸಿಕೊಂಡು, ಸ್ವಲ್ಪ ಹೊತ್ತು ಹೊರಗೇ ನಿಂತಿದ್ದು ಆಮೇಲೆ ಒಳಗೆ ಹೋದೆ.