ಅರಿಶಿನಕ್ಕೂ ಮುಂಚೆ ಹೆಣ್ಣೊಪ್ಪಿಸಿದ ಕ್ಯಾಸೆಟ್ಟು

ನಮ್ಮ ಕಡೆ ಮದುವೆಗೆ ಯಾರು ಬೇಕಾದರೂ ಹೋಗಬಹುದು, ಉಣ್ಣಬಹುದು, ಸಾರಿಗೆ ಉಪ್ಪು ಕಮ್ಮಿ ಎಂದು ಹೇಳಿ ಬರಬಹುದು. ಆದರೆ ಸೋಬಾನೆ ಪದ ಎತ್ತುವವಳು ವೀಳ್ಯ ಬಾರದೆ ಹೊಸಿಲು ದಾಟುವಂತಿಲ್ಲ. ಮದುವೆ ಮನೆಯ ಹೆಂಗಸೊಬ್ಬಳು ಎಲೆ ಅಡಿಕೆ ತಂದು ಕೈಗೆ ಕೊಟ್ಟು ಕರೆಯಬೇಕು. ಮೊದಲ ಸೊಲ್ಲು ಎತ್ತುವವಳಿಗೆ ಮಾತ್ರ ಈ ಮರ್ಯಾದೆ. ಹಿಂದೆ ಸೊಲ್ಲು ಹಿಡಿಯುವವರು ಅವಳ ಬೆನ್ನಿಗೆ ಬರುತ್ತಾರೆ. ಹೊಂಗಡಹಳ್ಳದ ಆಸುಪಾಸಿನಲ್ಲಿ ಇಪ್ಪತ್ತು ವರ್ಷ ಆ ವೀಳ್ಯ ನನ್ನ ಮನೆಗೇ ಬರುತ್ತಿತ್ತು. ಆಮೇಲೆ ಹನ್ನೆರಡು ವರ್ಷ ಬರಲಿಲ್ಲ. ನಿಲ್ಲಿಸಿದ್ದು ಒಂದು ಕ್ಯಾಸೆಟ್ಟು. ಆ ಕ್ಯಾಸೆಟ್ಟು ಈಗ ಬಹಳ ದೊಡ್ಡ ಕೆಲಸವಂತೆ. ಹೇಳುವವರು ಓದಿದವರು, ಇದ್ದರೂ ಇರಬಹುದು.

ನಾನು ಕಾಫಿ ಹಣ್ಣು ಕೊಯ್ಯಲು ಹೋಗುತ್ತಿದ್ದ ಎಸ್ಟೇಟಿನ ಸಾವ್ಕಾರರ ಮಗ ಗಿಟಾರ್ ಬಾರಿಸುತ್ತಿದ್ದ. ಅವನ ಜೊತೆಗೆ ಡ್ರಮ್ಮಿನವನು ಒಬ್ಬ, ಕೀಬೋರ್ಡಿನವನು ಒಬ್ಬ, ಏನೂ ಮಾಡದೆ ತಲೆ ಅಲ್ಲಾಡಿಸುವವನು ಒಬ್ಬ. ಪ್ಲಾಂಟರುಗಳ ಕ್ಲಬ್ಬಿನಲ್ಲಿ ಇವರದು ಆಗಾಗ ಗದ್ದಲ ಇರುತ್ತಿತ್ತು. ಚಿಕ್ಕ ಚಿಕ್ಕ ಹಾಡು, ಜನ ಕುಣಿಯುತ್ತಿದ್ದರು, ಎಲ್ಲರಿಗೂ ಸುಖವಾಗಿತ್ತು. ಅಷ್ಟರಲ್ಲಿ ಆ ಹುಡುಗ ಎಲ್ಲಿಂದಲೋ ಇಂಗ್ಲಿಷ್ ಕ್ಯಾಸೆಟ್ಟುಗಳನ್ನು ತಂದು ಕೇಳಿದ. ಅದರಲ್ಲಿ ಒಂದೇ ಹಾಡು ಒಂದು ಮಗ್ಗುಲು ಪೂರ್ತಿ ಇರುತ್ತದಂತೆ. ಮಧ್ಯದಲ್ಲಿ ತಾಳ ಬದಲಾಗುತ್ತದಂತೆ. ಇವನೂ ಕೂದಲು ಬಿಟ್ಟ. ಚಿಕ್ಕ ಹಾಡು ಬಾರಿಸುವುದು ತನ್ನ ಮರ್ಯಾದೆಗೆ ಕಮ್ಮಿ ಎಂದುಕೊಂಡ.

ತೊಂಬತ್ತರ ನಂತರದ ಯಾವುದೋ ಒಂದು ವರ್ಷ, ಕೊಯ್ಲು ಮುಗಿದ ಹೊತ್ತು, ಕಣದಲ್ಲಿ ಕಾಫಿ ಕೆದಕುತ್ತಿದ್ದೆ. ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ಅವ್ವ, ನಿಮ್ಮ ಪದ ನಮ್ಮ ರಾಕ್ ಮ್ಯೂಸಿಕ್ಕಿಗೆ ಬೇಕು.”

“ನಿಮ್ದು ನಿಮಗೆ ಸಾಲ್ದಾ?”

“ಬೇರಿಲ್ಲ ಅವ್ವ ನಮ್ದಕ್ಕೆ. ಬೇರು ನಿಮ್ದು.”

ಬೇರು ಬೇಕಾದವನು ಗಿಡ ನೆಡಬೇಕು, ನನ್ನ ಗಂಟಲಿಗೆ ಯಾಕೆ ಬಂದನೋ. ಆದರೂ ಒಪ್ಪಿದೆ. ಸಾವ್ಕಾರರ ಮಗ ಪಕ್ಕದಲ್ಲಿ ಕೂತು ಕೇಳಿದರೆ ಒಲ್ಲೆ ಎನ್ನುವಷ್ಟು ದೊಡ್ಡವಳು ನಾನಾಗಿರಲಿಲ್ಲ.

ರೆಕಾರ್ಡಿಂಗು ನಡೆದದ್ದು ಸ್ಟೋರಿನಲ್ಲಿ. ಸುತ್ತ ಕಾಫಿ ಮೂಟೆ ಒಟ್ಟಿದ್ದರೆ ಸದ್ದು ಮಾರ್ದನಿ ಹೊಡೆಯುವುದಿಲ್ಲ ಎಂದು ಅವರೇ ಕಂಡುಹಿಡಿದಿದ್ದರು. ಗೋಣಿಯ ಧೂಳಿಗೆ ಡ್ರಮ್ಮಿನವನು ಸೀನಿದ. ಆ ಸೀನು ಕ್ಯಾಸೆಟ್ಟಿನಲ್ಲೂ ಇದೆ. ನಾನು ಮತ್ತು ಕೂಲಿಯವರ ಲೈನು ಮನೆಗಳ ನಾಲ್ಕು ಹೆಂಗಸರು ಮೂಟೆಗಳ ಮಧ್ಯೆ ಒತ್ತಿಕೊಂಡು ನಿಂತೆವು.

ಸೋಬಾನೆಗೆ ಒಂದು ಕ್ರಮವಿದೆ. ಅರಿಶಿನ ಕೈಗೆ ಬಂದಾಗ ಅರಿಶಿನದ ಪದ, ಹಸೆಗೆ ಕರೆಯುವಾಗ ಹಸೆಯ ಪದ, ಎಲ್ಲ ಮುಗಿದ ಮೇಲೆ ಹೆಣ್ಣು ಒಪ್ಪಿಸುವ ಪದ. ಹೆಣ್ಣೊಪ್ಪಿಸುವುದು ಅಳಿಸುವ ಪದ, ಸುಮ್ಮನೆ ಕೂತಾಗ ಅದನ್ನು ಗುನುಗುವುದೂ ಇಲ್ಲ. ಗಿಟಾರಿನವನಿಗೆ ಅದೇ ಮೊದಲು ಬೇಕಾಯಿತು.

“ಅದು ಕೊನೇಗೆ ಕಣಪ್ಪ. ಹೆಣ್ಣನ್ನ ಕಳಿಸೋವಾಗ ಹೇಳೋದು.”

“ಇಲ್ಲಿ ಹೆಣ್ಣೇ ಇಲ್ವಲ್ಲ ಅವ್ವ.”

ಸುತ್ತ ನೋಡಿದೆ. ನಿಜ, ಬರೀ ಮೂಟೆಗಳು. ಹೆಣ್ಣೇ ಇಲ್ಲದ ಮದುವೆಗೆ ಕ್ರಮ ಯಾಕೆ ಎಂದುಕೊಂಡು ಎತ್ತಿಬಿಟ್ಟೆ. ತಪ್ಪು ನನ್ನದೇ. ಆಗಲೂ ಒಪ್ಪಿಕೊಂಡಿದ್ದೆ, ಈಗಲೂ ಒಪ್ಪುತ್ತೇನೆ. ಈಗ ಒಪ್ಪಿಕೊಳ್ಳಲು ಯಾರೂ ಬಿಡುತ್ತಿಲ್ಲ, ಅಷ್ಟೇ.

ಹಾಡಿ ಮುಗಿಸಿದಾಗ ಅವನು ಕಣ್ಣರಳಿಸಿ ಬೆರಳು ಎಣಿಸುತ್ತ ನಿಂತಿದ್ದ. “ಅವ್ವ, ನೀವು ಏಳು ಏಟಿಗೆ ಹಾಡ್ತಿದೀರಿ, ಗೊತ್ತಾ?”

“ಎಂಟನೇದ್ಕೆ ಉಸ್ರು ತಗೋತೀನಿ ಕಣಪ್ಪ. ಸಾಯ್ಲಾ?”

ಅದನ್ನು ಅವನು ಬರೆದುಕೊಂಡ. ಡ್ರಮ್ಮಿನವನು ಆ ಏಳು ಏಟು ಕಲಿಯಲು ಒಂದು ವಾರ ತೆಗೆದುಕೊಂಡನಂತೆ. ನಾನು ಉಸಿರು ತೆಗೆದುಕೊಳ್ಳುವುದನ್ನು ಯಾರ ಹತ್ತಿರವೂ ಕಲಿತಿರಲಿಲ್ಲ.

ಕ್ಯಾಸೆಟ್ಟು ಬಂತು. ಹೊದಿಕೆಯ ಮೇಲಿದ್ದುದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಬಾರಿಸಿದವರ ಹೆಸರು, ವಯರು ಜೋಡಿಸಿದವನ ಹೆಸರು, ಚಿತ್ರ ತೆಗೆದವನ ಹೆಸರು, ತಲೆ ಅಲ್ಲಾಡಿಸುವವನ ಹೆಸರು. ಕೊನೆಗೆ ‘ಮತ್ತು ಊರಿನ ಹೆಂಗಸರು’. ಊರಿನಲ್ಲಿ ಹೆಂಗಸರಿದ್ದಾರೆ ಎಂದು ಬರೆದದ್ದೇ ದೊಡ್ಡದು.

ಕ್ಲಬ್ಬಿನಲ್ಲಿ ಅದನ್ನು ಬಾರಿಸಿದ ದಿನ ಜಗಳವೇ ಆಯಿತಂತೆ, ಅಲ್ಲಿಯ ಅಡುಗೆಯವಳು ಬಂದು ಹೇಳಿದಳು. ಕುಣಿಯಲು ಕಾಲೆತ್ತಿದವರು ಇಳಿಸುವುದರೊಳಗೆ ತಾಳ ಬದಲಾಗಿ ಎತ್ತಿದ ಕಾಲಲ್ಲೇ ನಿಂತರಂತೆ. ಇವರ ಹಿಂದೆ ಹಿಂದೆ ತಿರುಗುತ್ತಿದ್ದ ಗೆಳೆಯರಲ್ಲಿ ಒಬ್ಬ ‘ನಮಗೆ ಮೋಸ ಮಾಡಿದಿರಿ’ ಎಂದು ಕ್ಯಾಸೆಟ್ಟನ್ನು ಮೆಣಸಿನ ಬಳ್ಳಿಯತ್ತ ಎಸೆದನಂತೆ. ಇನ್ನೊಬ್ಬ ಅವನ ಕೊರಳಪಟ್ಟಿ ಹಿಡಿದನಂತೆ. ಜೊತೆಗೆ ಓದಿದವರು, ಆವತ್ತಿನಿಂದ ಮಾತು ಬಿಟ್ಟರು. ಹೊಟ್ಟೆ ತುಂಬಿದವರಿಗೆ ಜಗಳವಾಡಲು ಇಂಥ ಒಳ್ಳೊಳ್ಳೆ ಕಾರಣಗಳು ಸಿಗುತ್ತವೆ.

ನನ್ನ ಪಾಲಿನದು ಮುಂದಿನ ತಿಂಗಳು ಬಂತು. ನಮ್ಮೂರಲ್ಲೇ ಒಂದು ಮದುವೆ. ವೀಳ್ಯ ಬಂದಿತ್ತು, ಹೋಗಿದ್ದೆ. ಹಸೆಯ ಮೇಲೆ ಹುಡುಗಿ ಕೂತಿದ್ದಾಳೆ, ಅವಳ ತಾಯಿಯ ಎರಡೂ ಕೈಯಲ್ಲಿ ಅರಿಶಿನ, ನಾನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ನಾನು ಎತ್ತುವುದರೊಳಗೆ ಹಲಸಿನ ಮರಕ್ಕೆ ಕಟ್ಟಿದ್ದ ಹಾರನ್ನಿನಿಂದ ನನ್ನ ದನಿಯೇ ಬಂತು. ಹೆಣ್ಣು ಒಪ್ಪಿಸುತ್ತಿತ್ತು.

ಹುಡುಗಿಯ ಸೋದರಮಾವನ ಕೆಲಸ. ನಮ್ಮೂರಿನ ಕ್ಯಾಸೆಟ್ಟು, ಗಂಡಿನ ಕಡೆಯವರು ಕೇಳಲಿ ಎಂದು ಹಾಕಿಸಿದ್ದ. ಕ್ಯಾಸೆಟ್ಟನ್ನು ಅವನೂ ಅದುವರೆಗೆ ಕೇಳಿರಲಿಲ್ಲ. ತಾಯಿ ಅರಿಶಿನದ ಕೈಯಲ್ಲೇ ಮುಖ ಮುಚ್ಚಿಕೊಂಡು ಕೂತುಬಿಟ್ಟಳು. ಅವಳ ಅಕ್ಕತಂಗಿಯರು ಅತ್ತರು. ಅವರನ್ನು ನೋಡಿ ಉಳಿದವರು ಅತ್ತರು. ನಾನು ಸಕಲೇಶಪುರದಿಂದ ಬಂದಿದ್ದ ಮೈಕ್ ಸೆಟ್ಟಿನ ಸಾಬರ ಹತ್ತಿರ ಓಡಿದೆ.

“ನಿಲ್ಸಿ ಸಾಬ್ರೇ ಅದನ್ನ. ಬೇರೆ ಪದ ಹಾಕಿ.”

“ಬೇರೆ ಎಲ್ಲೈತೆ ಅಕ್ಕಾ? ಇಡೀ ಮಗ್ಗುಲು ಒಂದೇ ಹಾಡು. ನಾನೂ ಅದನ್ನೇ ಹುಡುಕ್ತಾ ಇದೀನಿ.”

ಅಷ್ಟರಲ್ಲಿ ಪದ ಮುಗಿದು ಡ್ರಮ್ಮಿನವನ ಬಡಿತ ಶುರುವಾಯಿತು. ಪಾಳ್ಯದ ಕಡೆಯಿಂದ ಬಂದ ಗಂಡಿನ ದಿಬ್ಬಣದವರು ರಸ್ತೆಯ ತಿರುವಿನಲ್ಲೇ ವ್ಯಾನು ನಿಲ್ಲಿಸಿಕೊಂಡು ಇಳಿಯದೆ ಕೂತಿದ್ದರು. ಅವರಲ್ಲಿ ಹಿರಿಯನೊಬ್ಬ ಹೆಗಲ ಟವೆಲು ಕೈಗೆ ತೆಗೆದುಕೊಂಡು ಒಬ್ಬನೇ ಮೆಲ್ಲಗೆ ಬಂದ.

“ಯಾರು ಹೋಗ್ಬುಟ್ರು?” ಎಂದು ಸೋದರಮಾವನನ್ನು ಕೇಳಿದ.

“ಯಾರೂ ಹೋಗಿಲ್ಲ ಭಾವ. ಕ್ಯಾಸೆಟ್ಟು.”

“ಮತ್ತೆ ತಮಟೆ ಯಾಕ್ ಬಡೀತಾವ್ರೆ?”

“ತಮಟೆ ಅಲ್ಲ ಭಾವ, ಡ್ರಮ್ಮು. ರಾಕಂತೆ.”

“ಏನಾರ ಆಗ್ಲಿ ಮಾರಾಯ, ಹೆಣ ಎತ್ತೋ ಹಂಗೈತೆ.”

ಮದುವೆ ನಡೆಯಿತು. ಆದರೆ ಅರಿಶಿನ ಹಚ್ಚುವುದಕ್ಕೂ ಮುಂಚೆ ಹೆಣ್ಣನ್ನು ಒಪ್ಪಿಸಿಬಿಟ್ಟವಳು ಎಂಬ ಹೆಸರು ನನಗೆ ಬಂತು. ಕ್ಯಾಸೆಟ್ಟು ಹಾಕಿಸಿದವನಿಗೆ ಬರಲಿಲ್ಲ, ಬಾರಿಸಿದವನಿಗೆ ಬರಲಿಲ್ಲ. ಆಮೇಲೆ ಯಾವುದೋ ಹುಡುಗಿ ಗಂಡನ ಮನೆಯಿಂದ ವಾಪಸು ಬಂದರೆ, ಅವಳ ಮದುವೆಯಲ್ಲಿ ನಾನು ಪದ ಹೇಳಿದ್ದೆನೇ ಎಂದು ವಿಚಾರಣೆ. ಕ್ಯಾಸೆಟ್ಟು ಹಾಕಿದ ಆ ಮದುವೆಯ ಹುಡುಗಿ ಚೆನ್ನಾಗಿಯೇ ಬಾಳಿದಳು. ಗಂಡ ಕುಡಿಯುವುದೂ ಅಷ್ಟಕ್ಕಷ್ಟೇ. ಅದರ ಲೆಕ್ಕ ಮಾತ್ರ ಯಾರೂ ನನ್ನ ಕಡೆ ಹಾಕಲಿಲ್ಲ. ವೀಳ್ಯ ನಿಂತಿತು. ನನ್ನ ಹಿಂದೆ ಸೊಲ್ಲು ಹಿಡಿಯುತ್ತಿದ್ದವಳೊಬ್ಬಳನ್ನು ಕರೆಯತೊಡಗಿದರು. ಪದಕ್ಕಿಂತ ಕೆಮ್ಮು ಜಾಸ್ತಿ ಅವಳದು. ಮದುವೆಯ ದಿನ ಅವಳ ಕೆಮ್ಮು ನನ್ನ ಹಿತ್ತಿಲಿಗೆ ಕೇಳಿಸುತ್ತಿತ್ತು. ನಾನು ಸೌದೆ ಒಡೆಯುತ್ತಿದ್ದೆ. ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಸೌದೆಗೆ ಬರವಿರಲಿಲ್ಲ.

ಎರಡು ಸಾವಿರ ದಾಟಿ ಏಳೆಂಟು ವರ್ಷವಾಗಿತ್ತು. ಗಿಟಾರಿನವನಿಗೆ ಆಗ ತಲೆಯಲ್ಲಿ ಕೂದಲಿರಲಿಲ್ಲ, ಹೊಟ್ಟೆ ಬಂದಿತ್ತು, ತೋಟ ನೋಡಿಕೊಳ್ಳುತ್ತಿದ್ದ. ಯಾರೋ ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿದರಂತೆ, ಅಲ್ಲಿ ಕೇಳಿದ ಜನ ಬರೆದಾಡಿಕೊಂಡರಂತೆ. ಒಂದು ದಿನ ಸ್ಟೋರಿಗೆ ಬಾ ಎಂದು ನನಗೆ ಹೇಳಿಕಳಿಸಿದ. ಹೋದರೆ, ಕ್ಲಬ್ಬಿನಲ್ಲಿ ಕೊರಳಪಟ್ಟಿ ಹಿಡಿದು ಮಾತು ಬಿಟ್ಟಿದ್ದ ಇಬ್ಬರೂ ಬೇರೆ ಬೇರೆ ಕಾರಿನಲ್ಲಿ ಬಂದು ಮೂಟೆಗಳ ಮೇಲೆ ಕೂತಿದ್ದಾರೆ.

ಎಸೆದವನು ನನ್ನ ಎರಡೂ ಕೈ ಹಿಡಿದುಕೊಂಡ. “ಅಜ್ಜೀ, ಆಗ ನಮಗೆ ಅರ್ಥ ಆಗ್ಲಿಲ್ಲ. ಇದು ಅದ್ಭುತ.”

“ಈಗೇನ್ ಅರ್ಥ ಆತು?”

“ಎಲ್ಲಾರೂ ಮದುವೆಯಿಂದ ಶುರು ಮಾಡಿ ಅಗಲಿಕೆಗೆ ಬರ್ತಾರೆ. ನೀವು ಅಗಲಿಕೆಯಿಂದ ಶುರು ಮಾಡಿದ್ರಿ. ಎಂಥಾ ಯೋಚನೆ.”

“ಅದು ತಪ್ಪು ಕಣಪ್ಪ. ಹಂಗ್ ಹೇಳ್ಬಾರ್ದಿತ್ತು.”

“ಇಲ್ಲ ಅಜ್ಜಿ, ನಿಮಗೆ ಗೊತ್ತಿಲ್ಲ,” ಎಂದ ಸಮಾಧಾನ ಮಾಡುವವನಂತೆ. ನಾನು ಹಾಡಿದ್ದು ನನಗೇ ಗೊತ್ತಿಲ್ಲವಂತೆ. ಆ ಸೀನನ್ನೂ ಬಿಡಲಿಲ್ಲ, ಅದು ದುಃಖವನ್ನು ಒಡೆಯಲು ಬೇಕೆಂದೇ ಇಟ್ಟದ್ದು ಎಂದ. ಗಿಟಾರಿನವನು ನೆಲ ನೋಡುತ್ತಿದ್ದ. ಗೋಣಿ ಧೂಳು ಎನ್ನುವ ಮನಸ್ಸು ಅವನಿಗೂ ಇರಲಿಲ್ಲ.

ತಮಾಷೆ ಎಂದರೆ, ಆಗ ಇದಕ್ಕಾಗಿ ಕೊರಳಪಟ್ಟಿ ಹಿಡಿದವನಿಗೆ ಈಗ ಎಸೆದವನು ಹೊಗಳುವುದನ್ನು ಸಹಿಸಲಾಗಲಿಲ್ಲ. ಅವನು ಮುಖ ಗಂಟು ಹಾಕಿಕೊಂಡು, “ಮೊದಲನೇ ಮಗ್ಗುಲು ಸರಿ. ಎರಡನೇದು ಅಷ್ಟೊಂದು ಇಲ್ಲ ಬಿಡು,” ಎಂದ. ಇಬ್ಬರೂ ಮತ್ತೆ ಶುರು ಮಾಡಿದರು. ಇಷ್ಟು ವರ್ಷ ಮಾತು ಬಿಟ್ಟವರು ಮಾತಿಗೆ ಬಂದದ್ದೂ ಜಗಳವಾಡಲಿಕ್ಕೇ.

ಆವತ್ತು ನಾನು ಅದನ್ನು ಮೊದಲ ಬಾರಿಗೆ ಪೂರ್ತಿ ಕೇಳಿದೆ. ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ, ಟೇಪು ಇದ್ದ ಊರವರು ಅದನ್ನು ನನ್ನ ಮುಂದೆ ಹಾಕುತ್ತಿರಲಿಲ್ಲ. ಕೇಳಿ ಹೇಳುತ್ತೇನೆ: ಹೆಚ್ಚಿನದು ಗಲಾಟೆ. ಗಿಟಾರು ಒಂದು ಕಡೆ ಹೋಗುತ್ತದೆ, ಕೀಬೋರ್ಡು ಅದನ್ನು ಹುಡುಕಿಕೊಂಡು ಇನ್ನೊಂದು ಕಡೆ ಹೋಗುತ್ತದೆ. ಒಂದೇ ಒಂದು ಜಾಗದಲ್ಲಿ ಎಲ್ಲ ನಿಲ್ಲುತ್ತದೆ. ಲೈನಿನ ಹೆಂಗಸರು ಮಾತ್ರ ನನ್ನ ಹಿಂದೆ ಸೊಲ್ಲು ಹಿಡಿಯುತ್ತಾರೆ, ಯಾರದೋ ಬಳೆ ಸದ್ದಾಗುತ್ತದೆ. ಆ ನಾಲ್ವರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು. ಅಲ್ಲಿ ಚೆನ್ನಾಗಿತ್ತು. ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು. ಆಮೇಲೆ ಗಿಟಾರಿನವನಿಗೆ ತಾನೂ ಇದ್ದೇನೆ ಎಂದು ನೆನಪಾಗುತ್ತದೆ.

ಕಾರುಗಳು ಬಂದುಹೋದ ಸುದ್ದಿಗೆ ಊರಿನ ಕಿವಿಯೂ ರಿಪೇರಿಯಾಯಿತು. ನಲ್ಲಿಯ ಹತ್ತಿರ ನನ್ನನ್ನು ಕಂಡರೆ ಕೊಡ ಎತ್ತಿಕೊಂಡು ಹೋಗುತ್ತಿದ್ದವಳು ಕೊಡ ಇಳಿಸಿ, “ನಂಗಂತೂ ಅದು ಆವತ್ತೇ ಹಿಡ್ಸಿತ್ತು ಕಣಕ್ಕ,” ಎಂದಳು. ಸೋದರಮಾವ ಆನೇಮಹಲಿನ ಹೋಟೆಲಿನಲ್ಲಿ ಕೂತು, ಅದರ ಬೆಲೆ ಮೊದಲು ಕಂಡವನು ತಾನೇ, ಅದಕ್ಕೇ ಮೈಕಿನಲ್ಲಿ ಹಾಕಿಸಿದ್ದು ಎಂದು ಹೇಳಿಕೊಂಡು ತಿರುಗಿದನಂತೆ. ಇಷ್ಟು ಜನಕ್ಕೆ ಹಿಡಿಸಿದ್ದರೆ ಆ ಹನ್ನೆರಡು ವರ್ಷ ನನ್ನ ಬಾಗಿಲಿಗೆ ಬಾರದವರು ಯಾರು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅದೂ ನನ್ನದೇ ತಪ್ಪಾಗುತ್ತಿತ್ತು.

ಒಂದು ಬೆಳಿಗ್ಗೆ ಬಾಗಿಲಿಗೆ ವೀಳ್ಯ ಬಂತು. ತಂದವಳು ಆ ಕ್ಯಾಸೆಟ್ಟಿನ ಮದುವೆಯ ಹುಡುಗಿಯೇ. ಅವಳ ಮಗಳು ಮೈನೆರೆದಿದ್ದಳು, ಹಸೆಯ ಮೇಲೆ ಕೂರಿಸಿ ಆರತಿ ಮಾಡುವ ಒಸಗೆಯನ್ನು ತವರಿನಲ್ಲೇ ಇಟ್ಟುಕೊಂಡಿದ್ದರು. ನಾನು ಕೈ ಚಾಚಿದಾಗ ಅವಳು ಹೇಳಿದಳು:

“ದೊಡ್ಡವ್ವ, ಆ ಕಾರಿನೋರೂ ಬತ್ತಾರಂತೆ, ರೆಕಾರ್ಡ್ ಮಾಡ್ಕೊಳೋಕೆ. ಹೆಣ್ಣೊಪ್ಪಿಸೋ ಪದದಿಂದ್ಲೇ ಎತ್ಬೇಕಂತೆ ನೀನು. ಕ್ಯಾಸೆಟ್ಟಲ್ಲಿ ಇರೋ ಹಂಗೆ. ನಮ್ ಸೋದರಮಾವ ಒಪ್ಕೊಂಡ್ಬುಟ್ಟವ್ರೆ.”

ನಾನು ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡೆ. ಹನ್ನೆರಡು ವರ್ಷ ಆ ಎಲೆಗೆ ಕಾದಿದ್ದವಳು ನಾನು. ಅದು ಸುಳ್ಳಲ್ಲ.

“ಹನ್ನೊಂದು ವರ್ಷದ ಮಗು ಅದು. ಯಾರಿಗೆ ಒಪ್ಪಿಸ್ಲಿ ಹೇಳು.”

ಅವಳು ಎಲೆ ಅಡಿಕೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

“ನಿನ್ನ ಮದುವೇಲಿ ಹಂಗಾಗಿದ್ದು ತಪ್ಪು. ತಪ್ಪನ್ನ ಒಂದ್ ಸಲ ಮಾಡಿದ್ರೆ ತಪ್ಪು. ಎಲ್ಲಾರೂ ಚೆನ್ನಾಗೈತೆ ಅಂದ್ರು ಅಂತ ಇನ್ನೊಂದ್ ಸಲ ಮಾಡಿದ್ರೆ, ನಂಗೆ ಬುದ್ಧಿ ಇಲ್ಲ ಅಂತ. ಕ್ರಮಕ್ಕೆ ಬೇಕಾದ್ರೆ ಬತ್ತೀನಿ. ಇಲ್ಲಾ ಅಂದ್ರೆ ಆ ಕೆಮ್ಮೋಳ್ನ ಕರ್ಕೋ.”

“ನಂಗೂ ಅದೇ ಭಯ ಇತ್ತು ದೊಡ್ಡವ್ವ. ಆವತ್ತು ನಮ್ಮವ್ವ ಬೆಳಿಗ್ಗೇನೇ ಅತ್ತು ಮುಗಿಸ್ಬುಟ್ಟು, ನಾನು ವ್ಯಾನ್ ಹತ್ತೋವಾಗ ಕಣ್ಣಲ್ಲಿ ಒಂದು ಹನಿ ಇರ್ಲಿಲ್ಲ ಅವ್ಳಿಗೆ. ಮಾವಂಗೆ ನಾನು ಹೇಳ್ಕೊತೀನಿ. ಆರ್ತಿ ಪದ ಹೇಳು ಬಾ.” ಎಲೆ ಅಡಿಕೆ ಮತ್ತೆ ಮುಂದೆ ಹಿಡಿದಳು. ತೆಗೆದುಕೊಂಡೆ.

ಒಸಗೆಯ ದಿನ ಗಂಟಲು ಮೊದಲಿನಂತಿರಲಿಲ್ಲ. ಎಂಟನೆಯ ಏಟಿಗೆ ತೆಗೆದುಕೊಳ್ಳುತ್ತಿದ್ದ ಉಸಿರನ್ನು ಐದನೆಯದಕ್ಕೇ ತೆಗೆದುಕೊಂಡೆ. ಮೇಲಿನ ಸೊಲ್ಲು ಎರಡು ಕಡೆ ಒಡೆಯಿತು, ಹೆಂಗಸರು ಹಿಂದಿನಿಂದ ಬಂದು ಮುಚ್ಚಿದರು. ಹಸೆಯ ಪದ, ಆರತಿಯ ಪದ, ಹೂವಿನ ಪದ, ಯಾವುದು ಯಾವಾಗ ಬರಬೇಕೋ ಆಗ. ಕಾರಿನವರು ಅರ್ಧಕ್ಕೇ ಮಿಷನ್ನು ಆರಿಸಿದರು. ಎಸೆದವನು ಬಂದು, “ಚೆನ್ನಾಗಿತ್ತು ಅಜ್ಜಿ, ಆದ್ರೆ ಆ ಕ್ಯಾಸೆಟ್ಟಿನ ಧೈರ್ಯ ಇದ್ರಲ್ಲಿಲ್ಲ,” ಎಂದ. ಅವನ ಜೊತೆಯವನು ಮೊದಲ ಬಾರಿಗೆ ಅವನ ಮಾತಿಗೆ ತಲೆಯಾಡಿಸಿದ. ಊಟ ಮಾಡಿಕೊಂಡು ಹೋಗಿ ಎಂದೆ.

ಎರಡು ವಾರ ಕಳೆದ ಮೇಲೆ ಆಲೂರಿನ ಕಡೆಯಿಂದ ಗುರುತಿಲ್ಲದ ಹೆಂಗಸೊಬ್ಬಳು ಬಸ್ಸಿಳಿದು ಮನೆ ಕೇಳಿಕೊಂಡು ಬಂದಳು. ಕೈಯಲ್ಲಿ ವೀಳ್ಯ. ಒಸಗೆಗೆ ಬಂದಿದ್ದಳಂತೆ. ಕ್ಯಾಸೆಟ್ಟಿನ ಸುದ್ದಿ ಎತ್ತಲಿಲ್ಲ, ಬಹುಶಃ ಕೇಳಿಯೂ ಇರಲಿಲ್ಲ. “ಗುರುವಾರ ಬೆಳಿಗ್ಗೆ ಎಂಟಕ್ಕೆ ಅರಿಶಿನ. ಅಷ್ಟೊತ್ಗೆ ಬಂದ್ಬುಡವ್ವ,” ಎಂದಳು.

ನೋಡೋಣ ಎಂದೆ. ಗುರುವಾರ ಏಳಕ್ಕೇ ಹೋಗಿ ಅವರ ಜಗುಲಿಯ ಮೇಲೆ ಕೂತಿದ್ದೆ. ಆ ಮನೆಯಲ್ಲಿ ಇನ್ನೂ ಅರಿಶಿನ ಅರೆದಿರಲಿಲ್ಲ.