ಮೀನಿನ ಬಾಯಿಯ ಪುಟ್ಟ ಮೋಡ

ಶೀರ್ಜಾದ್ ಉಸ್ತಾದರದು ಇಸ್ಫಹಾನಿನ ಅಮೀರರ ಬಳಿ ಆಕಾಶ ನೋಡುವ ನೌಕರಿ. ನಾನು ತಾಮ್ರದ ಪೇಟೆಯಲ್ಲಿ ತಟ್ಟೆ ಕೆತ್ತುವವನು. ನಮ್ಮಿಬ್ಬರ ಮಾಳಿಗೆಗಳ ನಡುವೆ ಒಂದು ಮೋಟುಗೋಡೆ. ಆಕಾಶದಲ್ಲಿ ನನಗೆ ಖಚಿತ ಪರಿಚಯವಿದ್ದದ್ದು ಚಂದ್ರ ಒಬ್ಬನದೇ.

ಉಸ್ತಾದರು ಬೀದಿಯವರಿಗೆಲ್ಲ ಗ್ರಹಗಳ ಹೆಸರಿಟ್ಟಿದ್ದರು. ಜಗಳಗಂಟ ಕಟುಕ ಬಹ್ರಾಮ್, ಅಂದರೆ ಮಂಗಳ. ತಮ್ಮ ಹೆಂಡತಿ ಮಾಹ್‌ಬಾನು ನಾಹೀದ್, ಅಂದರೆ ಶುಕ್ರ. ಹೇಳಿದ ಕೆಲಸ ಹೇಳಿದ ದಿನ ಮುಗಿಸದ ನಾನು ಕೇವಾನ್, ಶನಿ.

"ಅಲೆಯೋ ಐದು ಗ್ರಹಕ್ಕೂ ಹೆಸರಿದೆ ಕಣೋ ಕೇವಾನ್. ಕದಲದೆ ಕೂತಿರೋ ಆ ಬಡಪಾಯಿಗೆ ಮಾತ್ರ ಇಲ್ಲ," ಎನ್ನುತ್ತಿದ್ದರು.

ದೊಡ್ಡ ಮೀನು ಎನ್ನುವ ಚುಕ್ಕಿಗಳ ಗುಂಪಿನಲ್ಲಿ, ಮೀನಿನ ಬಾಯಿಯ ಪಕ್ಕ ಒಂದು ಮಸುಕು. ಅದೇ ಆ ಬಡಪಾಯಿ. ಹೊಳೆಯುವ ತಾಮ್ರಕ್ಕೆ ಉಸಿರು ತಾಗಿದ ಹಾಗೆ.

"ನೇರ ನೋಡಬೇಡ, ಓಡಿಹೋಗತ್ತೆ. ಪಕ್ಕದ ಚುಕ್ಕಿ ನೋಡು, ಓರೆಗಣ್ಣಿಗೆ ತಾನಾಗೇ ಬೀಳತ್ತೆ."

"ಪಕ್ಕದ ಮಾಳಿಗೆ ನೋಡಿದ ಹಾಗಾ?" ಎಂದೆ.

"ಅಭ್ಯಾಸ ಇದೆಯಲ್ಲ ನಿನಗೆ, ನೋಡು," ಎಂದರು ಮಾಹ್‌ಬಾನು.

ಕಂಡಿತು. ಉಸ್ತಾದರು ಅದಕ್ಕೆ 'ಪುಟ್ಟ ಮೋಡ' ಎಂದು ಹೆಸರಿಟ್ಟರು. ಅಮೀರರಿಗಾಗಿ ತಯಾರಾಗುತ್ತಿದ್ದ ತಾಮ್ರದ ಆಕಾಶಗೋಳದ ಮೇಲೆ ಆ ಮೋಡವೂ ಸೇರಬೇಕು. ಅವರಿಗಿದ್ದದ್ದು ಅದೊಂದೇ ಆಸೆ.

ಹಿರಿಯ ಜ್ಯೋತಿಷಿ ಖ್ವಾಜಾ ಮರ್ದಾನ್ ಒಪ್ಪಲಿಲ್ಲ. ಅವರು ಎಲ್ಲವನ್ನೂ ದಿಟ್ಟಿಸಿ ನೋಡುವ ಮನುಷ್ಯ. ಓರೆಗಣ್ಣು ಮರ್ಯಾದಸ್ಥರ ಲಕ್ಷಣವಲ್ಲ. ಅವರಿಗೆ ಏನೂ ಕಾಣಲಿಲ್ಲ. ಅದೇ ವರ್ಷ ಉಸ್ತಾದರ ಕಣ್ಣಿಗೆ ಪೊರೆ ಬಂತು.

"ಮೋಡ ಮೇಲಿಲ್ಲ ಉಸ್ತಾದ್, ನಿಮ್ಮ ಕಣ್ಣೊಳಗಿದೆ," ಎಂದರು ಖ್ವಾಜಾ. ಎಲ್ಲರೂ ನಕ್ಕರು. ಮಾತು ಚೆನ್ನಾಗಿತ್ತು, ನಾನೂ ನಕ್ಕುಬಿಟ್ಟೆ.

ಆದರೂ ಕೊನೆಗೆ ಖ್ವಾಜಾ ಸ್ವಲ್ಪ ಮೆತ್ತಗಾದರು. "ಕೆತ್ತಿಸಿ. ನನ್ನ ಬಳಿ ಕಲಿಯುವ ಹುಡುಗರು ಆಕಾಶಕ್ಕೆ ಹೋಲಿಸಿ ನೋಡಲಿ. ತಾಳೆಯಾದರೆ ಇರುತ್ತೆ, ಇಲ್ಲವಾದರೆ ಅಳಿಸುತ್ತೇನೆ."

ಕೆತ್ತುವ ಕೆಲಸ ನನ್ನದು. ಗೋಳದ ಮೇಲೆ ಆಕಾಶ ತಿರುವುಮುರುವು. ನಾವು ಒಳಗೆ ನಿಂತು ನೋಡುವುದನ್ನು ಗೋಳ ಹೊರಗಿನಿಂದ ತೋರಿಸುತ್ತದೆ, ಎಡ ಬಲವಾಗುತ್ತದೆ. ಉಳಿದ ಚುಕ್ಕಿಗಳಿಗೆಲ್ಲ ಹಾಗೆ ತಿರುಗಿಸಿ ಬರೆದ ಚಿತ್ರವಿತ್ತು. ಮೋಡಕ್ಕೆ ಮಾತ್ರ ಚಿತ್ರವಿರಲಿಲ್ಲ, ಉಸ್ತಾದರ ಬಾಯಿಮಾತೇ ಆಧಾರ. ಆ ಹೊತ್ತಿಗೆ ಅವರಿಗೆ ನನ್ನ ಮುಖವೂ ಕಾಣುತ್ತಿರಲಿಲ್ಲ. ಅದರಿಂದ ಅವರಿಗೇನೂ ನಷ್ಟವಿರಲಿಲ್ಲ ಅನ್ನಿ.

"ಬಾಯಿಯ ಬಲಕ್ಕೆ, ಎರಡು ಬೆರಳಷ್ಟು ಮೇಲೆ," ಎಂದರು. ಹೇಳಿದ ಹಾಗೇ ಗೋಳದ ಮೇಲೂ ಬಲಕ್ಕೆ ಸಣ್ಣ ಸಣ್ಣ ಚುಕ್ಕಿ ಕುಟ್ಟಿದೆ.

ಹುಡುಗರು ನೋಡಿದರು. ಈ ಸಲ ಓರೆಗಣ್ಣಿನಲ್ಲೂ ನೋಡಿದರು, ಆದರೆ ಗೋಳ ತೋರಿಸಿದ ಕಡೆ ಮಾತ್ರ. ನಾನು ಕುಟ್ಟಿದ ಜಾಗಕ್ಕೆ ಸರಿಯಾಗಿ ಆಕಾಶ ಖಾಲಿ.

ಅಳಿಸುವ ಕೆಲಸವೂ ನನ್ನದೇ. ಬಡಿದೆ, ಉಜ್ಜಿದೆ. ಗೋಳ ಅರಮನೆಗೆ ಹೊರಡುವ ದಿನ ಮಾಹ್‌ಬಾನು ಗಂಡನ ಕೈಹಿಡಿದು ಅಂಗಡಿಗೆ ಕರೆತಂದರು. ಉಸ್ತಾದರ ಬೆರಳು ಮೀನಿನ ಮೈಯುದ್ದಕ್ಕೂ ಹರಿದು, ಬಡಿದಲ್ಲಿ ಉಳಿದಿದ್ದ ಸಣ್ಣ ತಗ್ಗಿಗೆ ಬಂದು ನಿಂತಿತು.

"ಇಲ್ಲಿ ಕೆತ್ತಿದ್ಯಾ?"

"ನೀವು ಹೇಳಿದ ಕಡೆಗೇ ಉಸ್ತಾದ್. ಬಲಕ್ಕೆ."

ಅವರ ಬೆರಳು ತಗ್ಗನ್ನು ಬಿಟ್ಟು ಬಾಯಿಯ ಎಡಕ್ಕೆ ಸರಿಯಿತು. "ನಾನು ಮಾಳಿಗೆ ಮೇಲೆ ನಿಂತು ಕಂಡ ಹಾಗೇ ಹೇಳಿಬಿಟ್ಟೆ ಕಣೋ," ಎಂದರು. "ಉಳಿದದ್ದನ್ನೆಲ್ಲ ತಿರುಗಿಸಿ ಹೇಳೋಕೆ ಬರ್ತಿತ್ತು. ಇದು ಮಾತ್ರ ಕಣ್ಣೆದುರಿಗೇ ಇತ್ತು."

ನಾನು ಖ್ವಾಜಾರ ಹತ್ತಿರ ಓಡಿದೆ. "ಎಡಕ್ಕೆ ಸ್ವಾಮಿ, ಬಲಕ್ಕಲ್ಲ!"

"ನಾಳೆ ಕೆಳಗೆ ಅಂತೀಯ, ನಾಡಿದ್ದು ಮೇಲೆ ಅಂತೀಯ. ಹೋಗಿ ತಟ್ಟೆ ಮಾಡಯ್ಯ," ಎಂದರು. ಗೋಳ ಹೋಯಿತು.

ಚಳಿಗಾಲ ಮುಗಿಯುವುದಕ್ಕೆ ಮೊದಲೇ ಉಸ್ತಾದರು ತೀರಿಕೊಂಡರು. ಕೊನೆಕೊನೆಗೆ ಮಾಳಿಗೆ ಹತ್ತುವುದಿರಲಿ, ಮೋಡದ ಮಾತನ್ನೂ ಎತ್ತುತ್ತಿರಲಿಲ್ಲ. ಮಾಹ್‌ಬಾನು ಮಾತ್ರ ಸಂಜೆ ಒಬ್ಬರೇ ಹತ್ತಿ, ಮೋಡದ ಜಾಗ ಬಿಟ್ಟು ಅದರ ಪಕ್ಕದ ಚುಕ್ಕಿ ನೋಡುತ್ತಾ ನಿಲ್ಲುತ್ತಾರೆ.

ನಾನೀಗ ಪ್ರತಿ ತಟ್ಟೆಯ ಅಂಚಿನಲ್ಲೂ ಆ ಮೋಡದ ಸಣ್ಣ ಚುಕ್ಕಿಗಳನ್ನು ಕುಟ್ಟುತ್ತೇನೆ. ಗಿರಾಕಿಗಳು ಗೊಣಗುತ್ತಾರೆ: "ಏನಯ್ಯಾ, ತಟ್ಟೆ ಮೇಲೆ ಕಲೆ ಇದೆಯಲ್ಲ?"

ಕೇವಾನನಿಗೆ ವಯಸ್ಸಾಯಿತು, ಕೈ ನಡುಗುತ್ತದೆ ಎಂದುಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ.