ಜರ್ಮನಿಗೆ ಮುಂಗಡ ಕೃತಜ್ಞತೆ

ಪ್ರಿಸಿಲ್ಲಾಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತು. ಆಕೆ ಸಣ್ಣ ದನಿಯಲ್ಲಿ "ಹೌದ್ರಿ?" ಎಂದಳೆಂದರೆ ಹಾಲಿನವನು ಕೂಡ ಮತ್ತೊಂದು ಸುತ್ತು ಅಳೆದು ಹಾಕುತ್ತಾನೆ. ಗೊತ್ತಿಲ್ಲದವರು ಒಬ್ಬರೇ, ಆಕೆಯ ತಂದೆ ನೆಹೆಮಿಯಾ ಮಾಸ್ತರರು. ಸರ್ವೀಸು ಪೂರ್ತಿ ಮಿಷನ್ ಶಾಲೆಯ ಮೈದಾನದಲ್ಲಿ ಸೀಟಿ ಊದಿ ನಿವೃತ್ತರಾದ ಡ್ರಿಲ್ ಮಾಸ್ತರರ ಕಿವಿಗೆ ಸಣ್ಣ ದನಿಗಳು ಬೀಳುವುದಿಲ್ಲ.

ಪ್ರಿಸಿಲ್ಲಾ ಮಾಡುವುದು ಕಾಲು. ಮುಂಬಯಿಗೆ ಹೋಗಿ ಅದನ್ನೇ ಓದಿ ಬಂದು, ಸತ್ತೂರಿನ ಹತ್ತಿರ ಒಂದು ದವಾಖಾನೆಯ ಹಿಂದಿನ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಕೃತಕ ಕೈಯನ್ನೂ ಮಾಡುತ್ತಾಳೆ, ಆದರೆ ನಮ್ಮ ಕಡೆ ಹೆಚ್ಚಾಗಿ ಹೋಗುವುದು ಕಾಲೇ. ಸಕ್ಕರೆ ಕಾಯಿಲೆಗೆ ಒಂದಿಷ್ಟು, ಲಾರಿಗಳಿಗೆ ಒಂದಿಷ್ಟು, ರಾಶಿ ಮಾಡುವ ಮಷೀನಿಗೆ ಉಳಿದಷ್ಟು. ಸಂಜೆ ಚಿಗರಿ ಬಸ್ಸಿನಿಂದ ಇಳಿಯುವಾಗ ಉಗುರಿನ ಸಂದಿಯಲ್ಲಿ ಪ್ಲಾಸ್ಟರ್, ಕೂದಲಲ್ಲಿ ಫೈಬರಿನ ಪುಡಿ. ಮಾಸ್ತರರು ಮಾತ್ರ ಬೇರೆಯವರ ಮುಂದೆ "ಮಗಳು ಸತ್ತೂರಾಗ ಭಾಳ ದೊಡ್ಡ ಪೋಸ್ಟಿನ್ಯಾಗ ಅದಾಳ" ಎನ್ನುತ್ತಿದ್ದರು. ಪೋಸ್ಟು ಯಾವುದೆಂದು ಕೇಳಿದವರಿಗೆ, ನಿಮಗೆ ಹೇಳಿದರೂ ತಿಳಿಯದು ಎಂಬಂತೆ ಕೈ ಅಲ್ಲಾಡಿಸುತ್ತಿದ್ದರು. ತಿಳಿಯದೆ ಇದ್ದದ್ದು ಅವರಿಗೇ.

ಇಷ್ಟಾಗಿಯೂ ಮಾಸ್ತರರು ಕೆಟ್ಟವರಲ್ಲ. ಅವರಿಗೆ ಇದ್ದದ್ದು ಒಂದೇ ಕಾಯಿಲೆ, ಜರ್ಮನಿ. ಅವರ ಮುತ್ತಜ್ಜನಿಗೆ ಜರ್ಮನಿಯಿಂದ ಬಂದ ಪಾದ್ರಿ ದೀಕ್ಷಾಸ್ನಾನ ಕೊಟ್ಟಿದ್ದರಂತೆ. ಹೋಗುವಾಗ ಒಂದು ಗೋಡೆ ಗಡಿಯಾರವನ್ನೂ ಕೊಟ್ಟಿದ್ದರಂತೆ. ಗಡಿಯಾರ ನಿಂತು ಒಂದು ತಲೆಮಾರಾಯಿತು, ಆದರೂ ಅದರ ಕೆಳಗೆ ಕೂತ ಮಾಸ್ತರರು "ನಮ್ಮ ಜರ್ಮನ್ಯಾಗ ಎಲ್ಲಾ ಟೈಮ್ ಅಂದ್ರ ಟೈಮ್" ಎನ್ನುವರು. ಹೋದ ತಿಂಗಳಷ್ಟೇ ಅಲ್ಲಿಂದ ಬಂದವರ ಧಾಟಿ. ಅವರಿಗೆ ಬರುವ ಜರ್ಮನ್ ಎಂದರೆ "ಗುಟೆನ್ ಮಾರ್ಗೆನ್". ಅದನ್ನು ಸಂಜೆಗೂ ಹೇಳುತ್ತಾರೆ.

ಪ್ರಿಸಿಲ್ಲಾಳಿಗೆ ಹೊರದೇಶಕ್ಕೆ ಹೋಗಿ ಇನ್ನೂ ಓದಬೇಕೆಂಬ ಹಟ ಹತ್ತಿದ್ದು ಯಮನಪ್ಪನಿಂದ. ಕುಂದಗೋಳದ ಕಡೆಯವನು, ರಾಶಿ ಮಷೀನು ತೊಡೆಯ ಅರ್ಧಕ್ಕೆ ಕಾಲು ತೆಗೆದುಕೊಂಡಿತ್ತು. ಯಾವುದೋ ದತ್ತಿ ಸಂಸ್ಥೆಯವರು ಹೊರದೇಶದ ಮಂಡಿ ಇರುವ ಭಾರೀ ಕಾಲು ಕೊಡಿಸಿ, ಮಾಲೆ ಹಾಕಿ, ಫೋಟೋ ತೆಗೆಸಿ ಕಳಿಸಿದ್ದರು. ಅದನ್ನು ಜೋಡಿಸಿ ಅಳತೆಗೆ ಕೂಡಿಸಿದವಳು ಪ್ರಿಸಿಲ್ಲಾ. ಸುಗ್ಗಿ ಮುಗಿದ ಮೇಲೆ ಆತ ತಪಾಸಣೆಗೆ ಬಂದ, ಬಗಲಲ್ಲಿ ಕೋಲು ಊರಿಕೊಂಡು.

"ಕಾಲ ಎಲ್ಲೈತಿ, ಯಮನಪ್ಪ?"

"ಮನ್ಯಾಗ ಗೂಟಕ್ಕ ಹಾಕೇನ್ರಿ ಅಕ್ಕಾರ. ಬೀಗರು ಬಂದ್ರ ತೋರಸ್ತೇವಿ."

"ತೋರಸಾಕ ಕೊಟ್ಟೇವೇನು? ಹಾಕ್ಕೊಳ್ಳಾಕ ಏನಾಗೇತಿ?"

"ಹಾಕ್ಕೊಂಡ್ರ ಉಣ್ಣಾಕ ಕುಂದ್ರಾಕ ಬರಂಗಿಲ್ರಿ. ಹೊರಕಡಿಗೆ ಹ್ವಾದ್ರ ಕುಂದ್ರಾಕ ಬರಂಗಿಲ್ಲ. ಹೊಲದಾಗ ಕಸಾ ತೆಗಿಯಾಕ ಕುಂದ್ರಾಕ ಬರಂಗಿಲ್ಲ. ಅದು ಖುರ್ಚಿ ಮ್ಯಾಲ ಕುಂದ್ರವ್ರ ಕಾಲ್ರಿ. ನಮ್ಮ ಮನ್ಯಾಗ ಖುರ್ಚೀನ ಇಲ್ಲ."

ಅಂದು ಪ್ರಿಸಿಲ್ಲಾ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಒಳಗೆ ಹೋದಳು. ತಾಯಿ ದಯಾವತಿ ಊಟಕ್ಕೆ ಕರೆದರೆ, ತಟ್ಟೆ ಹಿಡಿದು, ಮೇಜು ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು, ಎದ್ದಳು, ಮತ್ತೆ ಕೂತಳು. "ಇದೇನು ನಿಮ್ಮಪ್ಪನ ಡ್ರಿಲ್ಲು?" ಎಂದಳು ದಯಾವತಿ. ಮಗಳು ನಗಲಿಲ್ಲ. ಮನುಷ್ಯ ಉಣ್ಣಲು ಕೂರಲಾಗದ ಕಾಲಿಗೆ ಮಾಲೆ ಹಾಕಿದ ಆ ಮೆರವಣಿಗೆಯಲ್ಲಿ ತಾನೂ ಚಪ್ಪಾಳೆ ತಟ್ಟಿದ್ದಳಲ್ಲ, ಸಿಟ್ಟು ಮೊದಲು ತನ್ನ ಮೇಲೇ ಬಂದಿತ್ತು.

ಆ ವರ್ಷ ಎರಡು ಕಡೆ ಅರ್ಜಿ ಹಾಕಿದಳು. ಎರಡೂ ಕಡೆ ಸೀಟು ಸಿಕ್ಕಿತು, ಎರಡೂ ಕಡೆ ವಿದ್ಯಾರ್ಥಿವೇತನ. ಒಂದು ಜರ್ಮನಿ: ದೊಡ್ಡ ಹೆಸರು, ಕಂಪ್ಯೂಟರಿನಲ್ಲಿ ಮಂಡಿಯ ಲೆಕ್ಕ, ಕಂಪನಿಗಳ ಜೊತೆ ಸಂಶೋಧನೆ. ಇನ್ನೊಂದು ಥೈಲ್ಯಾಂಡ್: ಹೆಸರು ಸಣ್ಣದು, ವರ್ಕ್‌ಶಾಪು ದೊಡ್ಡದು. ಅಲ್ಲಿನ ಜನ ನಮ್ಮ ಹಾಗೆ ನೆಲಕ್ಕೆ ಕೂರುವವರು, ಕೆಸರಿನಲ್ಲಿ ನಡೆಯುವವರು, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುವವರು. ಅವರಿಗಾಗಿ ಕಾಲು ಮಾಡುವ ಮೇಷ್ಟ್ರುಗಳು ಅಲ್ಲಿದ್ದರು. ಪ್ರಿಸಿಲ್ಲಾ ಯೋಚಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಆದರೂ ಶನಿವಾರ ತಾಯಿಗೆ "ಎರಡೂ ಬಂದಾವ" ಎಂದಷ್ಟೇ ಹೇಳಿದಳು. ದಯಾವತಿ ಗಂಡನಿಗೆ ಹೇಳಿದಳು. ಮಾಸ್ತರರ ಕಿವಿಗೆ ಬಿದ್ದದ್ದು ಒಂದೇ ದೇಶ.

ಇಲ್ಲಿ ನಮ್ಮ ಸಭೆಯ, ಎಂದರೆ ಚರ್ಚಿನ, ಒಂದು ಪದ್ಧತಿ ಹೇಳಬೇಕು. ಭಾನುವಾರದ ಆರಾಧನೆಯಲ್ಲಿ ಪ್ರಸಂಗದ ಬೋಧನೆಗೆ ಮೊದಲು ಕೃತಜ್ಞತಾ ಕಾಣಿಕೆಗಳನ್ನು ಓದುತ್ತಾರೆ. ಹುಟ್ಟುಹಬ್ಬ, ಪಿತ್ತಕೋಶದ ಆಪರೇಶನ್, ಹೊಸ ಸ್ಕೂಟಿ, ದೇವರು ಏನು ಕೊಟ್ಟರೂ ಲಕೋಟೆಯ ಮೇಲೆ ಕಾರಣ ಬರೆದು ಕೊಟ್ಟರೆ ಸಭೆಯ ಪಾದ್ರಿ ಅಯ್ಯನವರು ಅದನ್ನು ಗಟ್ಟಿಯಾಗಿ ಓದುತ್ತಾರೆ. ಪ್ರಸಂಗಕ್ಕೆ ತೂಕಡಿಸುವವರೂ ಇದಕ್ಕೆ ಎದ್ದು ಕೂರುತ್ತಾರೆ. ಯಾರ ಮನೆಯಲ್ಲಿ ಏನಾಯಿತೆಂದು ಇದಕ್ಕಿಂತ ಚೆನ್ನಾಗಿ ತಿಳಿಯುವ ದಾರಿಯಿಲ್ಲ. ಆ ಭಾನುವಾರ ಅಯ್ಯನವರು ಓದಿದರು: "ನೆಹೆಮಿಯಾ ಮಾಸ್ತರರ ಕುಟುಂಬದವರು, ತಮ್ಮ ಮಗಳು ಉನ್ನತ ವ್ಯಾಸಂಗಕ್ಕಾಗಿ ಪೂರ್ವಜರ ಆಶೀರ್ವಾದದ ನಾಡಾದ ಜರ್ಮನಿಗೆ ಹೋಗುತ್ತಿರುವ ನಿಮಿತ್ತ..."

ಹೆಂಗಸರ ಸಾಲಿನಲ್ಲಿ ತಲೆಗಳೆಲ್ಲ ಪ್ರಿಸಿಲ್ಲಾಳ ಕಡೆ ತಿರುಗಿದವು. ಆಕೆ ಪಕ್ಕದಲ್ಲಿದ್ದ ತಾಯಿಗೆ "ಹೌದವಾ?" ಎಂದಳು. ಬಹಳ ಸಣ್ಣ ದನಿ. ದಯಾವತಿ ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು.

ಮನೆಗೆ ಬಂದ ಮೇಲೆ ಆದ ಜಗಳ ನಮ್ಮ ಗೋಡೆಯವರೆಗೂ ಕೇಳಿಸಿತು. ಅಂದರೆ, ಮಾಸ್ತರರ ಪಾಲು ಕೇಳಿಸಿತು. ಮಗಳ ಪಾಲನ್ನು ದಯಾವತಿ ಆಮೇಲೆ ಹೇಳಿದಳು.

"ನಾ ಥೈಲ್ಯಾಂಡಿಗೆ ಹೋಗಾಕತ್ತೇನ್ರಿ ಪಪ್ಪಾ."

"ಥೈಲ್ಯಾಂಡ್? ಮಂದಿ ಏನಂತಾರ ಗೊತ್ತೈತೇನು?"

"ಏನಂತಾರ?"

"ಅಂತಾರ!"

"ಅದ, ಏನಂತಾರ್ರಿ?"

ಮಾಸ್ತರರಿಗೆ ಅದನ್ನು ಮಗಳ ಎದುರು ಹೇಳಲು ಬಾಯಿ ಬರಲಿಲ್ಲ. ಹೇಳಲು ನಾಚಿಕೆಯಾಗುವುದನ್ನು ಮಗಳ ಬಗ್ಗೆ ಯೋಚಿಸಲು ನಾಚಿಕೆಯಾಗಲಿಲ್ಲವೇ ಎಂದು ಯಾರಾದರೂ ಕೇಳಬೇಕಿತ್ತು. ಅವರು ಕೊನೆಯ ಅಸ್ತ್ರ ತೆಗೆದರು: "ದೇವರಿಗೆ ಥ್ಯಾಂಕ್ಸ್ ಹೇಳಿಬಿಟ್ಟೇನವಾ! ಇಡೀ ಸಭಾದ ಮುಂದ ಓದ್ಯಾರ. ಈಗ ಹ್ಯಾಂಗ ವಾಪಸ್ ತಗೊಳ್ಳಲಿ? ದೇವರೇನು ಕಿರಾಣಿ ಅಂಗಡಿ ಇಟ್ಟಾನ?"

"ನನ್ನ ಕೇಳಿ ಕೊಟ್ಟಿದ್ರೇನು?"

"ದೇವರಿಗೆ ಕೊಡಾಕ ನಿನ್ನ ಕೇಳಬೇಕ?"

ಹಾಗೆಂದವರೇ ಪ್ರಿಸಿಲ್ಲಾಳ ಪಾಸ್‌ಪೋರ್ಟನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಹಳೆಯ ಸೀಟಿಯ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡರು. ಜರ್ಮನಿಗೆ ಹ್ಞೂಂ ಎಂದ ದಿನ ಕೊಡುವುದಾಗಿ ಘೋಷಣೆಯಾಯಿತು. ಥೈಲ್ಯಾಂಡಿನವರಿಗೆ ಬರುತ್ತೇನೆಂದು ತಿಳಿಸಿ ಪಾಸ್‌ಪೋರ್ಟಿನ ಪ್ರತಿ ಕಳಿಸಲು ಮುಂದಿನ ಸೋಮವಾರವೇ ಗಡುವು. ಬೆಳೆದು ದುಡಿಯುವ ಮಗಳು, ಇಡೀ ತಾಲೂಕಿಗೆ ಕಾಲು ಕೊಟ್ಟು ನಡೆಸುವವಳು, ತಾನು ಹೊರಡುವುದಕ್ಕೆ ಅಪ್ಪನ ಕೊರಳಿನ ದಾರ ನೋಡುತ್ತ ಕೂರಬೇಕಾಯಿತು. ಅವಳ ಸಿಟ್ಟನ್ನು ಕಂಡು ಇಷ್ಟು ದಿನ ನಗುತ್ತಿದ್ದ ನನಗೂ ಆ ವಾರ ನಗು ಬರಲಿಲ್ಲ.

ಬುಧವಾರ ಬುದ್ಧಿ ಹೇಳಲು ಕ್ರಿಸ್ಟೋಫರ್ ಬಂದರು. ಪೇಂಟಿನ ಅಂಗಡಿ ಇಟ್ಟವರು, ಸಭೆಯ ಹಿರಿಯರು. ಯಾರ ಮನೆಯಲ್ಲಿ ಜಗಳವಾದರೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುವುದು ಅವರ ಸೇವೆ. ಚಹಾ ಕುಡಿದು, ಗಡಿಯಾರದ ಕೆಳಗೆ ಸರಿಯಾಗಿ ಕೂತು ಶುರುಮಾಡಿದರು.

"ನೋಡವಾ, ಜರ್ಮನಿ ಅಂದ್ರ ಒಂದು ತೂಕ ಇರತೈತಿ. ನಾಳೆ ಲಗ್ನದ ಮಾತು ಬಂದ್ರ ಹೇಳಾಕ ಛಲೋ. ಆ ಇನ್ನೊಂದ ದೇಶ..." ಅವರು ಮಾಸ್ತರರ ಕಡೆ ನೋಡಿ ಮೀಸೆಯಲ್ಲಿ ನಕ್ಕರು. "ಅಲ್ಲಿಗೆ ಒಳ್ಳೇ ಮನಿ ಹುಡುಗ್ಯಾರು ಹೋಗಂಗಿಲ್ಲ."

"ಹೌದ್ರಿ?" ಎಂದಳು ಪ್ರಿಸಿಲ್ಲಾ. "ಒಳ್ಳೇ ಮನಿ ಕಾಕಾಗಳು ಹೋಗ್ತಾರೇನ್ರಿ?"

ಕ್ರಿಸ್ಟೋಫರ್ ಖಾಲಿ ಕಪ್ಪನ್ನು ಮತ್ತೆ ಬಾಯಿಗೆ ಹಿಡಿದರು. ಹೋದ ವರ್ಷ ಪೇಂಟು ಕಂಪನಿಯವರು ಹೆಚ್ಚು ಡಬ್ಬಿ ಮಾರಿದ ಡೀಲರುಗಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದರು. ಕ್ರಿಸ್ಟೋಫರ್ ಬಂದ ಮೇಲೆ 'ವಿದೇಶ ಪ್ರವಾಸದಿಂದ ಸುರಕ್ಷಿತವಾಗಿ ಮರಳಿದ ನಿಮಿತ್ತ' ಕಾಣಿಕೆ ಕೊಟ್ಟಿದ್ದರು. ಆಮೇಲೆ ಅವರ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಬಣ್ಣದ ಆನೆ ಅಂಟಿಕೊಂಡಿತ್ತು. ಆನೆಯ ಹೊಟ್ಟೆಯ ಮೇಲೆ ಬ್ಯಾಂಕಾಕ್ ಎಂದು ಬರೆದಿತ್ತು. ಸ್ತ್ರೀ ಸಮಾಜದ ಕೂಟಕ್ಕೆ ಹೋದ ಹೆಂಗಸರೆಲ್ಲ ಅದನ್ನು ಓದಿದ್ದರು, ಯಾರೂ ಕೇಳಿರಲಿಲ್ಲ.

"ನಿಮ್ಮ ಥ್ಯಾಂಕ್ಸಿನ್ಯಾಗ ದೇಶದ ಹೆಸರ ಇರಲಿಲ್ಲಲ್ರಿ ಕಾಕಾ. ಮರತಿದ್ರೇನು? ನೀವು ಹೋದ್ರ ಅದು ವಿದೇಶ. ನಾ ಹೋದ್ರ ಅದು 'ಆ ಇನ್ನೊಂದ ದೇಶ'. ನಾ ಅಲ್ಲಿ ಕಾಲು ಮಾಡಾಕ ಹೊಂಟೇನಿ. ನೀವು ಏನ ಮಾಡಾಕ ಹೋಗಿದ್ರಿ?"

"ಡೀಲರ್ ಮೀಟಿಂಗಿತ್ತವಾ..."

"ಇನ್ನೊಂದ ಕಪ್ ಚಾ ತಗೋರ್ರಿ," ಎಂದಳು ದಯಾವತಿ, ಬಹಳ ಮರ್ಯಾದೆಯಿಂದ. ಕ್ರಿಸ್ಟೋಫರರಿಗೆ ಅಂಗಡಿಯ ನೆನಪಾಯಿತು.

ಮಾಸ್ತರರು ಅದಕ್ಕೂ ಕರಗಲಿಲ್ಲ. ಬದಲಿಗೆ, ಸಭೆಯ ಹಿರಿಯರಿಗೆ ಅವಮಾನ ಮಾಡಿದಳೆಂದು ಎರಡು ದಿನ ಮಾತು ಬಿಟ್ಟರು. ಕೀಲಿಕೈ ಸ್ನಾನಕ್ಕೂ ಕೊರಳಲ್ಲೇ ಹೋಯಿತು.

ಮತ್ತೆ ಭಾನುವಾರ ಬಂತು. ಪ್ರಿಸಿಲ್ಲಾ ಬೇಗ ಹೋಗಿ, ಬಾಗಿಲ ಬಳಿಯ ಮೇಜಿನ ಮೇಲಿದ್ದ ಲಕೋಟೆ ತೆಗೆದುಕೊಂಡು ಬಂದವರ ಕಣ್ಣೆದುರೇ ಬರೆದು ತಟ್ಟೆಗೆ ಹಾಕಿ ತನ್ನ ಜಾಗಕ್ಕೆ ಬಂದು ಕೂತಳು. ಅಯ್ಯನವರು ಲಕೋಟೆಗಳನ್ನು ಮೊದಲೇ ನೋಡಿಕೊಳ್ಳುವ ರೂಢಿಯವರಲ್ಲ. ಅವರದು ಎಕ್ಸ್‌ಪ್ರೆಸ್ ರೈಲಿನ ಓದು. ನಿಲ್ಲಿಸಬೇಕೆಂದು ಹೊಳೆಯುವಷ್ಟರಲ್ಲಿ ವಾಕ್ಯ ಮುಂದಿನ ಊರು ದಾಟಿರುತ್ತದೆ. ಯಾರದೋ ಕಣ್ಣಿನ ಪೊರೆ, ಯಾರದೋ ಮೊಮ್ಮಗ, ಅದೇ ಓಟದಲ್ಲಿ: "ಪ್ರಿಸಿಲ್ಲಾ ನೆಹೆಮಿಯಾ ಅವರು, ನೆಲದ ಮೇಲೆ ಕೂತು ಉಣ್ಣುವವರಿಗೆ ಕಾಲು ಮಾಡುವ ವಿದ್ಯೆ ಕಲಿಯಲು ಜರ್ಮನಿಯನ್ನು ಬಿಟ್ಟು ಥೈಲ್ಯಾಂಡಿಗೆ ಹೋಗುತ್ತಿರುವ ನಿಮಿತ್ತ ದೇವರಿಗೆ..." ಅಲ್ಲಿಗೆ ಅಯ್ಯನವರ ದನಿ ಬ್ರೇಕು ಹಿಡಿಯಿತು. ಆದರೆ ಕಾಣಿಕೆ ಸಂದಾಗಿತ್ತು. ರೂಢಿಯಂತೆ ಸಭೆ ಒಕ್ಕೊರಲಿನಿಂದ "ಆಮೆನ್" ಎಂದಿತು. ಕ್ರಿಸ್ಟೋಫರರೂ ಅಂದರು, ಅನ್ನದೆ ಇದ್ದರೆ ಎಲ್ಲರೂ ನೋಡುತ್ತಿದ್ದರು.

ಹೊರಗೆ ಮೆಟ್ಟಿಲ ಮೇಲೆ ಮಾಸ್ತರರು ಮಗಳನ್ನು ತಡೆದರು. ಮುಖ ಕೆಂಪಗಾಗಿತ್ತು.

"ಎರಡು ದೇಶಕ್ಕ ಥ್ಯಾಂಕ್ಸ್ ಹೇಳಿದಂಗಾತಲ್ಲ! ದೇವರ ಮುಂದ ನನ್ನ ಸುಳ್ಳ ಮಾಡಿದಿ!"

"ಸುಳ್ಳ ಯಾಕ ಆಗತೈತ್ರಿ? ಕೊಟ್ಟಿದ್ದ ವಾಪಸ್ ತಗೊಳ್ಳಾಕ ಬರಂಗಿಲ್ಲ, ನೀವ ಹೇಳೀರಿ. ನಿಮ್ಮ ಥ್ಯಾಂಕ್ಸಿಗೆ ನೀವು ಹೋಗ್ರಿ. ನನ್ನ ಥ್ಯಾಂಕ್ಸಿಗೆ ನಾ ಹೋಗ್ತೇನಿ."

ಮೆಟ್ಟಿಲ ಮೇಲೆ ನಿಂತವರು ನಕ್ಕರು. ಆಕೆ ನಗಲಿಲ್ಲ.

ಮಧ್ಯಾಹ್ನ ಊಟದ ಮೇಜಿನ ಮೇಲೆ ಸಾರಿನ ಪಾತ್ರೆಯ ಪಕ್ಕಕ್ಕೆ ಪಾಸ್‌ಪೋರ್ಟು ಬಂದು ಬಿತ್ತು. ಮಾಸ್ತರರು ತಮ್ಮದೇ ನಿಯಮದಲ್ಲಿ ಸಿಕ್ಕಿಬಿದ್ದಿದ್ದರು. ಡ್ರಿಲ್ ಮಾಸ್ತರರಿಗೆ ನಿಯಮ ಮುರಿಯಲು ಬರುವುದಿಲ್ಲ.

"ತಗೋ. ಆದ್ರ ನನಗ ಸಿಟ್ಟು ಬಂದೈತಿ, ನೆನಪಿರಲಿ."

"ನನಗೂ ಬಂದೈತ್ರಿ," ಎಂದು ಪ್ರಿಸಿಲ್ಲಾ ಅದನ್ನು ತೆಗೆದುಕೊಂಡು ತನ್ನ ಚೀಲದಲ್ಲಿಟ್ಟಳು. ಇಬ್ಬರೂ ಒಂದೇ ಪಾತ್ರೆಯಿಂದ ಸಾರು ಬಡಿಸಿಕೊಂಡು ಉಂಡರು.

ಪ್ರಿಸಿಲ್ಲಾ ಹೋದಳು. ಹೋಗುವ ಮೊದಲು ಯಮನಪ್ಪನಿಗೆ ಫೋನು ಮಾಡಿ, ಗೂಟದ ಮೇಲಿನ ಕಾಲಿಗೆ ಇಲಿ ಹತ್ತದಂತೆ ನೋಡಿಕೋ, ಬಂದು ಮಂಡಿ ಬದಲಿಸುತ್ತೇನೆ ಎಂದಳಂತೆ. ಮಾಸ್ತರರು ಸ್ಟೇಷನ್ನಿಗೆ ಬಂದು, ಗಂಟು ಹೊತ್ತು, ಟಾಟಾ ಮಾಡದೆ ವಾಪಸಾದರು. ಈಗಲೂ ಯಾರಾದರೂ ಕೇಳಿದರೆ "ಮಗಳು ವಿದೇಶದಾಗ ಅದಾಳ" ಎನ್ನುತ್ತಾರೆ, ಕೈ ಅಲ್ಲಾಡಿಸುತ್ತಾರೆ. ವಿದೇಶ ಎಂಬ ಮಾತು ಕ್ರಿಸ್ಟೋಫರರಿಂದ ಕಲಿತದ್ದು.

ಅಯ್ಯನವರಿಗೂ ಅದೇ ಅನುಕೂಲವಾಗಿದೆ. ಪ್ರತಿ ಭಾನುವಾರ ಪ್ರಾರ್ಥನೆಯಲ್ಲಿ "ವಿದೇಶದಲ್ಲಿ ವ್ಯಾಸಂಗ ಮಾಡುತ್ತಿರುವ ನಮ್ಮ ಸಭೆಯ ಮಗಳನ್ನು" ಎಂದು ಮುಂದೆ ಹೋಗಲು ನೋಡುತ್ತಾರೆ. ಹೆಂಗಸರ ಸಾಲಿನಿಂದ ದಯಾವತಿ, ಕಣ್ಣು ಮುಚ್ಚಿಕೊಂಡೇ, ಕೊನೆಯ ಬೆಂಚಿಗೆ ಕೇಳುವಂತೆ ಹೇಳುತ್ತಾಳೆ:

"ಥೈಲ್ಯಾಂಡಿನ್ಯಾಗ್ರಿ, ಅಯ್ಯನವರ."

ಅಯ್ಯನವರು ಅದನ್ನು ಸೇರಿಸುವವರೆಗೆ ಆಕೆ ಆಮೆನ್ ಅನ್ನುವುದಿಲ್ಲ.